ಮೈ ಮುಟ್ಟದ ಬ್ಯಾಕ್

ಫುಟ್‌ಬಾಲ್ ಆಡಿ ಹೊಟ್ಟೆ ಹೊರೆದವನು ನಾನು ಎಂದರೆ ಬೇಲೂರಿನಲ್ಲಿ ಇವತ್ತಿಗೂ ಜನ ನಂಬುವುದಿಲ್ಲ. ನಂಬಿದವರು ಕೂಡ ಮೊದಲು ಕೇಳುವುದು, ಎಷ್ಟು ಗೋಲ್ ಹೊಡೆದಿರಿ ಎಂದು. ಒಂದೂ ಇಲ್ಲ ಎನ್ನುತ್ತೇನೆ. ಕೇಳಿದವರ ಮುಖ ಸಪ್ಪಗಾಗುತ್ತದೆ. ಗೋಲ್ ಹೊಡೆಯುವುದು ನನ್ನ ಕೆಲಸವಲ್ಲ, ಹೊಡೆಯಲು ಬಂದವನನ್ನು ತಡೆಯುವುದು ನನ್ನ ಕೆಲಸ ಎಂದು ಬಿಡಿಸಿ ಹೇಳುವ ತಾಳ್ಮೆ ಒಂದು ಕಾಲದಲ್ಲಿತ್ತು. ಈಗ ಇಲ್ಲ. ಸುಮ್ಮನೆ ಕಾಫಿ ಕುಡಿದು ಎದ್ದು ಬರುತ್ತೇನೆ.

ಆಗಿನ ಆಟದಲ್ಲಿ ಗೋಲ್‌ಕೀಪರ್ ಮುಂದೆ ಇಬ್ಬರು ಬ್ಯಾಕ್ ಇರುತ್ತಿದ್ದರು. ಅರಸೀಕೆರೆ ರೈಲ್ವೆ ಟೀಮಿನಲ್ಲಿ ಅವರಲ್ಲೊಬ್ಬ ನಾನು. ಬ್ಯಾಕ್ ಅಂದರೆ ಏನೆಂದು ಆಡಿದವನಿಗೇ ಗೊತ್ತು. ನಮ್ಮವರು ಬಾಲನ್ನು ಆ ತುದಿಗೆ ಒಯ್ದಾಗ ಮೈದಾನವೆಲ್ಲ ಅಲ್ಲಿಗೇ ಹೋಗಿಬಿಡುತ್ತದೆ, ನೋಡುವವರ ಕಣ್ಣೂ ಅಲ್ಲಿಗೇ. ಈ ತುದಿಯಲ್ಲಿ ನಾನು, ನನ್ನ ನೆರಳು, ಗೆರೆ ದಾಟಿ ಬಂದು ಹುಲ್ಲು ಮೇಯುವ ಯಾರದೋ ಹಸು. ಅಲ್ಲಿ ಗೋಲ್ ಆದರೆ ಅವರೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ನಾನೂ ಓಡುತ್ತಿದ್ದೆ. ಅರ್ಧ ದಾರಿಗೆ ಹೋಗುವಷ್ಟರಲ್ಲಿ ಅವರು ತಬ್ಬಿಕೊಂಡು ಮುಗಿಸಿ ವಾಪಸ್ಸು ಬರುತ್ತಿದ್ದರು. ನಾನೂ ತಿರುಗಿಕೊಂಡು ನನ್ನ ಜಾಗಕ್ಕೆ ಬರುತ್ತಿದ್ದೆ. ಕೊನೆಕೊನೆಗೆ ಓಡುವುದನ್ನೇ ಬಿಟ್ಟೆ.

ಒಬ್ಬನೇ ನಿಲ್ಲುವುದು ನನಗೆ ಹೊಸದಾಗಿರಲಿಲ್ಲ. ಅದನ್ನು ಕಲಿತದ್ದು ದೇವಸ್ಥಾನದಲ್ಲಿ.

ನಮ್ಮದು ಬೇಲೂರಿನ ದೇವಸ್ಥಾನದ ಅಡಿಗೆಮನೆಯ ಸೇವೆಗೆ ಸೇರಿದ ಮನೆತನ. ದೊಡ್ಡಪ್ಪ, ಚಿಕ್ಕಪ್ಪಂದಿರ ಜೊತೆ ಸರದಿ. ಅಪ್ಪನ ಸರದಿ ಬಂದರೆ ಮನೆಯ ಗಾಳಿಯೇ ಬೇರೆಯಾಗುತ್ತಿತ್ತು. ಮುಂಜಾನೆ ತಣ್ಣೀರು ಸ್ನಾನ ಮಾಡಿ, ಒದ್ದೆ ಮಡಿಪಂಚೆ ಸುತ್ತಿಕೊಂಡು ಅವರು ಹೋದರೆಂದರೆ ನೈವೇದ್ಯ ಮುಗಿಯುವವರೆಗೆ ಯಾರೊಡನೆಯೂ ಮಾತಿಲ್ಲ. ಅನ್ನ, ಪುಳಿಯೋಗರೆ, ಪೊಂಗಲ್ ಆದ ಮೇಲೆ ಹಿತ್ತಾಳೆ ಪಾತ್ರೆಗೆ ತುಂಬಿ, ಮುಚ್ಚಳ ಮುಚ್ಚಿ, ಮೇಲೆ ಬಟ್ಟೆ ಹೊದಿಸಿ, ಎರಡೂ ಕೈಯಲ್ಲಿ ಎದೆಗೆ ಆನಿಸಿಕೊಂಡು ಅಡಿಗೆಮನೆಯಿಂದ ಗುಡಿಯೊಳಕ್ಕೆ ಒಯ್ಯಬೇಕು. ನಡುವೆ ತೆರೆದ ಅಂಗಳ, ಅಂಗಳದ ತುಂಬ ಜನ. ಯಾರಾದರೂ ತಗುಲಿದರೆ ಅಷ್ಟೂ ಮೈಲಿಗೆ. ಮತ್ತೆ ಸ್ನಾನ, ಮತ್ತೆ ಒಲೆ, ದೇವರ ಊಟ ಮಧ್ಯಾಹ್ನ ದಾಟುತ್ತದೆ. ಅದಕ್ಕೇ ಪಾತ್ರೆಯ ಮುಂದೆ ಒಬ್ಬ ನಡೆಯಬೇಕು. ನನಗೆ ಮುಂಜಿಯಾದ ಮೇಲೆ ಆ ಕೆಲಸ ನನ್ನದಾಯಿತು.

ಮುಂದೆ ನಡೆಯುವವನಿಗೆ ಕಟ್ಟಳೆಗಳಿದ್ದವು. ಕೂಗಾಡಬಾರದು, "ದಾರಿ, ದಾರಿ" ಎಂದು ಮೆತ್ತಗೆ ಅನ್ನಬೇಕು. ತಾನೂ ಮಡಿಯಲ್ಲಿರುವುದರಿಂದ ಯಾರನ್ನೂ ಮುಟ್ಟಿ ಸರಿಸುವಂತಿಲ್ಲ. ಎಲ್ಲಕ್ಕಿಂತ ಮುಖ್ಯ, ಪಾತ್ರೆ ಹೊಸ್ತಿಲು ದಾಟುವವರೆಗೆ ಹಿಂದೆ ತಿರುಗಿ ನೋಡಬಾರದು. ದೇವರ ಊಟಕ್ಕೆ ದೃಷ್ಟಿ ಬೀಳಬಾರದಲ್ಲ. ಅಪ್ಪ ಹಿಂದೆ ಇದ್ದಾರೋ ಇಲ್ಲವೋ ಎಂಬುದು ನನಗೆ ತಿಳಿಯುತ್ತಿದ್ದದ್ದು ಸದ್ದಿನಿಂದ. ಆ ಪಾತ್ರೆ ನಮ್ಮ ಮನೆಯದು, ಅದರ ಮುಚ್ಚಳ ಸ್ವಲ್ಪ ಸಡಿಲ. ಹೆಜ್ಜೆಗೊಂದು ಸಲ ಟಕ್ ಎನ್ನುತ್ತಿತ್ತು.

ಭಕ್ತರ ಕಾಟ ಅಷ್ಟಿರಲಿಲ್ಲ, ಅವರಿಗೆ ರೂಢಿ ಗೊತ್ತು. ಆಗ ತಾನೇ ಬಸ್ಸುಗಳಲ್ಲಿ ಬರತೊಡಗಿದ್ದ ಪ್ರವಾಸಿಗಳದೇ ತೊಂದರೆ. ತಲೆ ಎತ್ತಿ ಗೋಡೆಯ ಮೇಲಿನ ಶಿಲಾಬಾಲಿಕೆಯರನ್ನು ನೋಡುತ್ತ ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುವ ಮನುಷ್ಯನಷ್ಟು ಅಪಾಯದ ಪ್ರಾಣಿ ಭೂಮಿಯ ಮೇಲೆ ಇನ್ನೊಂದಿಲ್ಲ. ಕ್ಯಾಮೆರಾ ಇದ್ದರಂತೂ ಮುಗಿಯಿತು. ಮೊದಮೊದಲು ನಾನು ಗಾಬರಿಬಿದ್ದು ಆ ಕಡೆ ಈ ಕಡೆ ಕುಣಿಯುತ್ತಿದ್ದೆ. ಒಂದು ದಿನ ಸರದಿಯ ಕೆಲಸವೆಲ್ಲ ಮುಗಿದ ಮೇಲೆ ಅಪ್ಪ ಜಗಲಿಯ ಮೇಲೆ ಕೂರಿಸಿಕೊಂಡು ಹೇಳಿದರು.

"ಮುಖ ನೋಡಬೇಡ ಕಣೋ. ಮುಖ ಎಲ್ಲಿಗೋ ಹೋಗ್ತಿರತ್ತೆ. ಮೊಣಕಾಲು ನೋಡು. ಮೊಣಕಾಲು ಸುಳ್ಳು ಹೇಳಲ್ಲ. ಅವನು ಎಲ್ಲಿಗೆ ಬರ್ತಾನೋ ಅಲ್ಲಿಗೆ ನೀನು ಮೊದಲೇ ಹೋಗಿ ನಿಂತ್ಕೋ. ತಾನಾಗೇ ನಿಲ್ತಾನೆ."

ಅಷ್ಟೇ. ಅಪ್ಪ ನನಗೆ ಕಲಿಸಿದ ಪಾಠಗಳಲ್ಲಿ ಇಷ್ಟು ಉದ್ದದ್ದು ಇದೊಂದೇ. ನಾನು ಕಲಿತೆ. ಮುಂದೆ ಹೋಗಿ ನಿಂತರೆ ನಿಜಕ್ಕೂ ಜನ ನಿಲ್ಲುತ್ತಿದ್ದರು. ಬೆನ್ನಿಗೆ ಯಾರೋ ಇದ್ದಾರೆ ಎಂದು ಮೈಗೆ ಹೇಗೋ ತಿಳಿಯುತ್ತದೆ. ಹಿಂದೆ ಮುಚ್ಚಳ ಟಕ್ ಟಕ್ ಎನ್ನುತ್ತ ಬರುತ್ತಿರುವಾಗ ಆ ಅಂಗಳ ದಾಟುವುದು ನನಗೆ ಎಂಥ ಸುಖವಾಗಿತ್ತೆಂದು ಯಾರಿಗೂ ಹೇಳಿದವನಲ್ಲ. ಅಪ್ಪನೂ ನಾನೂ ಜೊತೆಯಾಗಿ ಮಾಡುತ್ತಿದ್ದ ಕೆಲಸ ಅದೊಂದೇ.

ಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು ಒಬ್ಬರಿದ್ದರು, ಸೈನ್ಯದಿಂದ ಬಂದವರು. ಒಂದು ಸಂಜೆ ಹುಡುಗರ ಆಟಕ್ಕೆ ಒಬ್ಬ ಕಡಮೆ ಬಿದ್ದನೆಂದು ನನ್ನನ್ನು ಎಳೆದು ನಿಲ್ಲಿಸಿದರು. ಬಾಲ್ ತಂದವನ ಮೊಣಕಾಲು ನೋಡಿದೆ, ಅವನು ಬರುವಲ್ಲಿಗೆ ಹೋಗಿ ನಿಂತೆ. ಅವನು ನಿಂತ. ಬಾಲ್ ಮಾತ್ರ ಉರುಳಿಕೊಂಡು ನನ್ನ ಕಾಲಿಗೆ ಬಂತು. ಮೇಷ್ಟ್ರು ಸೀಟಿ ಬಾಯಲ್ಲಿಟ್ಟುಕೊಂಡೇ ನಕ್ಕರು. "ಏನು ಮಂತ್ರ ಹಾಕ್ತೀಯೋ? ಎಲ್ಲಿ, ಇನ್ನೊಂದು ಸಲ!" ಇನ್ನೊಂದು ಸಲವೂ ಹಾಗೇ ಆಯಿತು. ಅಂದಿನಿಂದ ನಾನು ಬ್ಯಾಕ್.

ಬೇಸಿಗೆಯಲ್ಲಿ ಹಳೇಬೀಡಿನ ಕೆರೆಯ ನೀರು ಹಿಂದೆ ಸರಿದಾಗ ಅಂಚಿನ ಗಟ್ಟಿ ನೆಲದಲ್ಲಿ ಅಲ್ಲಿಯ ಹುಡುಗರೊಡನೆ ಆಡಲು ಹೋಗುತ್ತಿದ್ದೆವು. ಎಲ್ಲರೂ ಬರಿಗಾಲು, ಪಾದಕ್ಕೆ ಹಳೆ ಪಂಚೆಯ ಪಟ್ಟಿ ಸುತ್ತಿಕೊಂಡರೆ ಅದೇ ದೊಡ್ಡದು. ಆಟ ಮುಗಿದ ಮೇಲೆ ಬಸ್ಸಿಗೆ ಹೊತ್ತಿದ್ದರೆ ಮೇಷ್ಟ್ರು ನಮ್ಮನ್ನು ಬಸ್ತಿಹಳ್ಳಿಯ ಬಸದಿಯ ತಂಪಿಗೆ ಕರೆದೊಯ್ಯುತ್ತಿದ್ದರು. ಒಳಗೆ ಕಪ್ಪು ಕಲ್ಲಿನ ದೊಡ್ಡ ತೀರ್ಥಂಕರ, ನೆಟ್ಟಗೆ ನಿಂತ ಮೂರ್ತಿ. ಕೈಗಳು ಇಳಿಬಿದ್ದಿವೆ, ಆದರೆ ತೊಡೆಗೆ ತಾಗಿಲ್ಲ. "ನೋಡೋ" ಎಂದರು ಮೇಷ್ಟ್ರು ನನ್ನ ಹೆಗಲು ತಿರುಗಿಸಿ, "ಬ್ಯಾಕ್ ನಿಲ್ಲೋದು ಹೀಗೆ. ತನ್ನ ಮೈಯನ್ನೂ ತಾನು ಮುಟ್ಟಿಕೊಂಡಿಲ್ಲ." ಹುಡುಗರೆಲ್ಲ ನಕ್ಕರು. ನಾನು ನಗಲಿಲ್ಲ. ನಾಮ ಹಾಕಿಕೊಂಡ ಹುಡುಗನಿಗೆ ಬಸದಿಯಲ್ಲಿ ಗುರು ಸಿಕ್ಕಿದ್ದನ್ನು ಮನೆಯಲ್ಲಿ ಹೇಳುವಂತೆಯೂ ಇರಲಿಲ್ಲ.

ನಾಮದ ಮಾತು ಬಂತಲ್ಲ. ತಲೆಯಲ್ಲಿ ಬಾಲ್ ಹೊಡೆಯಲು ಶುರುಮಾಡಿದ ಮೇಲೆ ಹಣೆಯ ನಾಮ ಅಳಿಸತೊಡಗಿತು. ಅಮ್ಮ ಬಚ್ಚಲ ಬಾಗಿಲಲ್ಲೇ ತಡೆದಳು. "ತೊಗಲಿನ ಚೆಂಡನ್ನ ತಲೇಲಿ ಹೊಡೀತೀಯಂತೆ, ಹೌದೇನೋ? ಕಾಲು ಸಾಲದು ಅಂತ ತಲೇನೂ ಕೊಟ್ಯಾ?" ತಲೆಯ ಮೇಲೆ ನೀರು ಸುರಿದೇ ಒಳಗೆ ಬಿಟ್ಟಳು. ಅಪ್ಪ ನನ್ನ ಹಣೆಯನ್ನೊಮ್ಮೆ ನೋಡಿ ಒಳಗೆ ಹೋದರು. ಮಡಿ ಮಾಡಿಕೊಂಡರೆ ತೊಗಲಿನ ಮೈಲಿಗೆ ಹೋಗುತ್ತದೆ, ಹುಡುಗಾಟ ತಾನೇ ಹೋಗುತ್ತದೆ ಎಂದುಕೊಂಡಿರಬೇಕು.

ಹುಡುಗಾಟ ಹೋಗಲಿಲ್ಲ, ಕೆಲಸವಾಯಿತು. ಅರಸೀಕೆರೆಯ ರೈಲ್ವೆಯವರಿಗೆ ಒಬ್ಬ ಬ್ಯಾಕ್ ಬೇಕಾಗಿತ್ತು. ಮೇಷ್ಟ್ರು ಹೇಳಿ ಕಳಿಸಿದರು. ಆಗ ಹಾಗೇ. ಆಡುವವನಿಗೆ ಮೊದಲು ಆಟ, ಆಮೇಲೆ ಕುರ್ಚಿ. ನನ್ನನ್ನು ಪಾರ್ಸೆಲ್ ಆಫೀಸಿನಲ್ಲಿ ಕೂರಿಸಿದರು. ಬೆಳಿಗ್ಗೆ ವೀಳ್ಯದೆಲೆ ಬುಟ್ಟಿ, ಕೊಬ್ಬರಿ ಚೀಲಗಳ ಮೇಲೆ ಚೀಟಿ ಅಂಟಿಸುವುದು, ಮಧ್ಯಾಹ್ನದ ಮೇಲೆ ಮೈದಾನ. ಜೊತೆಯವರು ಗೊಣಗುತ್ತಿದ್ದರು. ಅವರ ಜಾಗದಲ್ಲಿದ್ದಿದ್ದರೆ ನಾನೂ ಗೊಣಗುತ್ತಿದ್ದೆ.

ಹೊರಡುವ ಹಿಂದಿನ ದಿನ ಅಪ್ಪ ಕರೆದರು. ಜಗಲಿಯ ಅದೇ ಜಾಗ.

"ಹೊಟ್ಟೆಪಾಡು. ಬೇಡ ಅನ್ನಲ್ಲ. ಅಲ್ಲಿ ಎಲ್ಲರ ಜೊತೆ ಉಣ್ಬೇಕು, ಎಲ್ಲಾ ಕಡೆ ನೀರು ಕುಡೀಬೇಕು. ದಿನಾ ತೊಗಲು ಮುಟ್ಟಿ ಆಡ್ಬೇಕು. ಅದೂ ಸರಿ." ಹೊದ್ದ ಶಲ್ಯ ಸರಿಮಾಡಿಕೊಂಡರು. "ಆದರೆ ಇನ್ಮೇಲೆ ನೀನು ಮುಂದೆ ನಡೀಬೇಡ."

ಬೈದಿದ್ದರೆ ಎದುರು ಮಾತಾಡಬಹುದಿತ್ತು. ಬಯ್ಯಲಿಲ್ಲ. ಕಟ್ಟಳೆ ಹೇಳುವಂತೆ ಹೇಳಿದರು. ನಾನು ಆಯಿತು ಎಂದೆ.

ಅರಸೀಕೆರೆ ಜಂಕ್ಷನ್ ಊರು. ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವವರು. ಯಾರೂ ಅಲ್ಲಿಗೆ ಅಂತ ಬರುವುದಿಲ್ಲ, ನನ್ನನ್ನು ಬಿಟ್ಟು. ಕ್ವಾರ್ಟರ್ಸಿನ ಒಂದು ಕೋಣೆ, ಹಿಂದೆ ತೆಂಗಿನ ತೋಟ, ಎದುರಿಗೆ ಲೋಕೋ ಶೆಡ್ಡು. ಒಗೆದ ಪಂಚೆ ಒಣಗುವಷ್ಟರಲ್ಲಿ ಇದ್ದಿಲ ಮಸಿ ಹಿಡಿಯುತ್ತಿತ್ತು. ನಾನೇ ಅನ್ನ ಮಾಡಿಕೊಳ್ಳುತ್ತಿದ್ದೆ. ಅಡಿಗೆಯವರ ಮಗನಿಗೆ ಒಬ್ಬನಿಗೆ ಅನ್ನ ಮಾಡುವ ಅಳತೆ ಗೊತ್ತಿರಲಿಲ್ಲ. ಎಷ್ಟು ಮಾಡಿದರೂ ಮಿಗುತ್ತಿತ್ತು.

ಟೀಮಿನಲ್ಲಿ ನನ್ನನ್ನು ಹತ್ತಿರ ಬಿಟ್ಟುಕೊಂಡವನು ಗೋಲ್‌ಕೀಪರ್ ಒಬ್ಬನೇ. ಬಾಣಾವರದ ಕಡೆಯವನು, ಇಂಜಿನ್ನಿಗೆ ಇದ್ದಿಲು ಹಾಕುವ ಫೈರ್‌ಮನ್, ಟೀಮಿಗೆ ಕ್ಯಾಪ್ಟನ್ ಕೂಡ. ಆಟದುದ್ದಕ್ಕೂ ನನ್ನ ಬೆನ್ನ ಹಿಂದಿನಿಂದ ಮಾತಾಡುತ್ತಲೇ ಇರುತ್ತಿದ್ದ. ನಾನು ತಿರುಗಿ ನೋಡುತ್ತಿರಲಿಲ್ಲ, ಅವನ ದನಿಯಿಂದಲೇ ಎಲ್ಲಿದ್ದಾನೆಂದು ತಿಳಿಯುತ್ತಿದ್ದೆ. ಯಾರನ್ನೂ ಡಿಕ್ಕಿ ಹೊಡೆಯದೆ, ಹೆಗಲು ಕೊಡದೆ, ಕಾಲು ಅಡ್ಡಗೊಡದೆ ತಡೆಯುವ ನನ್ನ ರೀತಿ ಅವನಿಗೆ ದೊಡ್ಡ ತಮಾಷೆ. "ದೇವ್ರು ವರ ಕೊಟ್ರೂ ಪೂಜಾರಿ ಕೊಡಾಕಿಲ್ಲ ಅಂತಾರಲ್ಲ, ಅದು ನೀವೇ ಕಣ್ರೀ ಐನೋರೆ" ಎನ್ನುತ್ತಿದ್ದ. "ನಾನು ಗೋಲ್ ಬಿಟ್ಕೊಡಾಕೆ ತಯಾರಾಗಿ ಕುಂತಿದ್ರೂ ನೀವು ಬಿಡಾಕಿಲ್ಲ." ಟೀಮು ನನಗೆ ಮೈ ಮುಟ್ಟದ ಬ್ಯಾಕ್ ಎಂದು ಹೆಸರಿಟ್ಟಿತು. ಬೇರೆ ಊರಿನ ಮೈದಾನಗಳಲ್ಲೂ ಅದೇ ಹೆಸರು ನನಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು. ನನಗೆ ಹೆಮ್ಮೆಯಿತ್ತು, ಸುಳ್ಳೇಕೆ. ಆದರೆ ಮೈ ಮುಟ್ಟದವನ ಮೈಯನ್ನು ಬೇರೆಯವರೂ ಮುಟ್ಟುವುದಿಲ್ಲ. ಗೆದ್ದ ಮೇಲೆ ಒಬ್ಬನ ಹೆಗಲ ಮೇಲೆ ಇನ್ನೊಬ್ಬ ಕೈ ಹಾಕಿಕೊಂಡು ಕ್ಯಾಂಟೀನಿಗೆ ಹೋಗುತ್ತಿದ್ದರೆ ನಾನು ಪಕ್ಕದಲ್ಲಿ ಒಂದು ಮಾರು ದೂರ ಬಿಟ್ಟು ನಡೆಯುತ್ತಿದ್ದೆ. ಯಾರೂ ದೂರ ಇಟ್ಟದ್ದಲ್ಲ, ನಾನೂ ಬೇಕೆಂದು ಇದ್ದದ್ದಲ್ಲ. ಹಾಗೆ ಆಗಿಹೋಗಿತ್ತು.

ಬರಿಗಾಲಿನ ಆಟ ನಿಂತು ಬೂಟು ಬಂತು. ಬೂಟಿನಲ್ಲಿ ನನ್ನ ಪಾದ ನನ್ನದೇ ಅಲ್ಲವೆನಿಸುತ್ತಿತ್ತು, ಕುಂಟುತ್ತ ಕಲಿತೆ. ಬೇರೆ ಊರಿನ ಆಟ ಮುಗಿಸಿ ನೇರ ಬೇಲೂರಿಗೆ ಹೋದಾಗ ಬೂಟನ್ನು ಬಸ್ ಸ್ಟ್ಯಾಂಡಿನ ಬೀಡಾ ಅಂಗಡಿಯಲ್ಲಿ ಬಿಟ್ಟು ಮನೆಗೆ ಬರುತ್ತಿದ್ದೆ. ಅಂಗಡಿಯವನು ಸೋಡಾ ಬಾಟಲಿಗಳ ಹಿಂದೆ ಇಟ್ಟುಕೊಳ್ಳುತ್ತಿದ್ದ. ಮನೆಯಲ್ಲಿ ನನಗೆ ನಡುಮನೆಯಲ್ಲಿ ಎಲೆ, ಅಪ್ಪನಿಗೆ ಒಳಗೆ. ಅಮ್ಮ ಎರಡರ ಮಧ್ಯೆ ಓಡಾಡಿ ಬಡಿಸುತ್ತ ಸುದ್ದಿ ಹೇಳುತ್ತಿದ್ದಳು. ಅಪ್ಪನ ಮುಂದೆ ಈಗ ದಾಯಾದಿಯ ಮಗನೊಬ್ಬ ನಡೆಯುತ್ತಿದ್ದ.

"ಗೂಳಿ ನುಗ್ಗಿದ ಹಾಗೆ ನುಗ್ತಾನೆ ಕಣೋ. ಮೊನ್ನೆ ಯಾರಿಗೋ ತಗುಲಿ, ಅಷ್ಟೂ ಮತ್ತೆ ಮಾಡಿದ್ರು. ಈ ವಯಸ್ಸಲ್ಲಿ ಎರಡೆರಡು ಸಲ ಒಲೆ ಮುಂದೆ ಕೂರೋದಂದ್ರೆ..." ಎಂದು ಒಳಗೆ ಕೇಳಿಸುವಂತೆಯೇ ಹೇಳುತ್ತಿದ್ದಳು.

ನಾನು ಒಳಕ್ಕೆ ಕಿವಿಗೊಟ್ಟು ಕಾಯುತ್ತಿದ್ದೆ. ನೀನೇ ಬಾ, ಸ್ನಾನ ಮಾಡು, ಮುಂದೆ ನಡಿ. ಅಪ್ಪ ಅಷ್ಟು ಅಂದರೆ ಸಾಕಿತ್ತು. ದೊಡ್ಡ ಟೀಮು, ಬಡ್ತಿ, ಪೇಪರಿನಲ್ಲಿ ಫೋಟೊ ಏನೂ ಬೇಡ, ಒಂದೇ ಒಂದು ಸಲ ಆ ಅಂಗಳವನ್ನು ಬೆನ್ನ ಹಿಂದಿನ ಸದ್ದು ಕೇಳಿಕೊಂಡು ದಾಟಿದರೆ ಸಾಕು ಎಂದು ಆ ವಯಸ್ಸಿನಲ್ಲಿ, ಅಷ್ಟು ಉದ್ದ ಬೆಳೆದ ಗಂಡಸಿಗೆ ಅನಿಸುತ್ತಿತ್ತು. ಒಳಗಿನಿಂದ ಮಜ್ಜಿಗೆ ಸುರಿದುಕೊಳ್ಳುವ ಸದ್ದು ಬರುತ್ತಿತ್ತು, ಅಷ್ಟೇ. ಒಂದು ಸಲ ಸಿಟ್ಟು ಬಂದು ಊಟ ಅರ್ಧಕ್ಕೆ ಬಿಟ್ಟು ಎದ್ದೆ. ಬಸ್ಸಿನಲ್ಲಿ ಕೂತ ಮೇಲೆ ಹಸಿವಾಯಿತು.

ಇನ್ನು ಆ ಭಾನುವಾರದ ಮಾತು.

ಮೈಸೂರಿನಿಂದ ಇಬ್ಬರು ಆಟ ನೋಡಲು ಬಂದಿದ್ದರು. ದೊಡ್ಡ ಟೀಮಿಗೆ ಒಬ್ಬ ಬ್ಯಾಕ್ ಆರಿಸಬೇಕಿತ್ತು, ನನ್ನ ಹೆಸರು ಅವರ ಕಿವಿಗೆ ಬಿದ್ದಿತ್ತು. ಎದುರಾಳಿ ಯಾವುದೋ ಮಿಲ್ಲಿನ ಟೀಮು, ಒಳ್ಳೆಯ ಆಟಗಾರರು. ನಮ್ಮ ಮೈದಾನ ಸ್ಟೇಷನ್ನಿಗೆ ಮಗ್ಗುಲಲ್ಲೇ. ಜನ ಎರಡೂ ಬದಿಯಲ್ಲಿ ಗೆರೆಯುದ್ದಕ್ಕೂ ನಿಂತಿದ್ದರು. ಗೋಲಿನ ಹಿಂದೆ ಯಾರೂ ನಿಲ್ಲುತ್ತಿರಲಿಲ್ಲ, ಬಲೆ ಇರಲಿಲ್ಲವಾದ್ದರಿಂದ ಬಾಲ್ ಬಡಿಯುತ್ತದೆಂಬ ಭಯ. ಮೊದಲರ್ಧದಲ್ಲಿ ನಾನು ಚೆನ್ನಾಗಿ ಆಡಿದೆ. ಗೋಲ್‌ಕೀಪರ್ ಹಿಂದಿನಿಂದ, "ಇವತ್ತು ನಂಗೆ ಕೆಲ್ಸಾನೇ ಇಲ್ವಲ್ಲ ಐನೋರೆ, ಒಂದು ನಿದ್ದೆ ತೆಗೀಲಾ?" ಎಂದ.

ಅರ್ಧ ಆಟಕ್ಕೆ ದಿಕ್ಕು ಬದಲಾಯಿತು. ನಾವು ಆ ತುದಿಗೆ ನಡೆದು ಹೋಗುವಾಗ ನೋಡಿದೆ. ಗೋಲಿನ ಹಿಂದೆ, ಎಡಗಂಬಕ್ಕೆ ತುಸು ಆಚೆ, ಅಪ್ಪ ನಿಂತಿದ್ದರು. ಮಡಿಪಂಚೆ, ಹೊದ್ದ ಶಲ್ಯ, ಎರಡೂ ಕೈಯಲ್ಲಿ ಎದೆಗೆ ಆನಿಸಿಕೊಂಡ ಹಿತ್ತಾಳೆ ಪಾತ್ರೆ, ಅದರ ಮೇಲೆ ಬಟ್ಟೆ.

ನೋಡಿದೊಡನೆ ಅರ್ಥವಾಯಿತು. ತುಮಕೂರಿನಲ್ಲಿದ್ದ ನನ್ನ ತಂಗಿಗೆ ಸೀಮಂತ. ಮಗಳಿಗೆಂದು ತಾವೇ ಮಾಡಿದ ಪುಳಿಯೋಗರೆ, ಪೊಂಗಲ್ ಒಯ್ಯುತ್ತಿದ್ದಾರೆ. ಬಸ್ಸಿಳಿದು ಸ್ಟೇಷನ್ನಿಗೆ ಬಂದರೆ ಗಾಡಿ ಲೇಟು. ಪ್ಲಾಟ್‌ಫಾರಂ ತುಂಬ ಜನ. ಪಾತ್ರೆಗೆ ಯಾರೂ ತಗುಲದ ಜಾಗ ಹುಡುಕಿಕೊಂಡು ಬಂದಿದ್ದಾರೆ. ಅರಸೀಕೆರೆಯಲ್ಲಿ ಆ ಹೊತ್ತಿಗೆ ಯಾರೂ ಇಲ್ಲದ ಜಾಗವೆಂದರೆ ಗೋಲಿನ ಹಿಂದೆ ಮಾತ್ರ. ನಾನು ಆಡುವುದನ್ನು ನೋಡಲು ಬಂದವರಲ್ಲ. ಪಾತ್ರೆಯನ್ನು ನೆಲಕ್ಕಿಡುವಂತೆಯೂ ಇಲ್ಲ, ಎಷ್ಟು ಹೊತ್ತಿನಿಂದ ಹಾಗೆ ಹಿಡಿದು ನಿಂತಿದ್ದರೋ.

ನನ್ನನ್ನು ಕಂಡರು. ನಾನೂ ಕಂಡೆ. ಬೆವರಿನಲ್ಲಿ ನಾಮದ ಗುರುತೂ ಇಲ್ಲದ ಹಣೆ, ಕಾಲಿನಲ್ಲಿ ತೊಗಲು. ಮಾತಾಡಲು ಹೊತ್ತಿರಲಿಲ್ಲ, ರೆಫ್ರಿ ಸೀಟಿ ಊದಿದ. ಅವರಿಗೆ ಬೆನ್ನು ಹಾಕಿ ನನ್ನ ಜಾಗದಲ್ಲಿ ನಿಂತೆ.

ಅಷ್ಟು ಕಾಲ ಆಡಿದ್ದೆ, ಬೆನ್ನ ಹಿಂದೆ ಏನಿದೆ ಎಂದು ಯೋಚಿಸಿದವನಲ್ಲ. ಆವತ್ತು ಬೆನ್ನೆಲ್ಲ ಕಿವಿಯಾಯಿತು. ಆಟ ಮುಗಿಯುತ್ತ ಬಂದಿತ್ತು, ಎರಡೂ ಕಡೆ ಗೋಲಿಲ್ಲ. ಮಿಲ್ಲಿನವರ ಒಬ್ಬ ಫಾರ್ವರ್ಡ್, ಕುಳ್ಳಗೆ ಚುರುಕಾಗಿದ್ದವನು, ಬದಿಯಿಂದ ನುಗ್ಗಿದ. ನಮ್ಮ ಇನ್ನೊಬ್ಬ ಬ್ಯಾಕ್ ಜಾರಿ ಬಿದ್ದ. ಗೋಲ್‌ಕೀಪರ್ ಮುನ್ನುಗ್ಗಿ ಬಾಲಿನ ಮೇಲೆ ಹಾರಿದ, ಸಿಗಲಿಲ್ಲ, ಮಣ್ಣು ಮುಕ್ಕಿದ. ಇನ್ನು ಉಳಿದವನು ನಾನೊಬ್ಬ, ನನ್ನ ಹಿಂದೆ ಎರಡು ಕಂಬ. ಇದು ನನಗೆ ಹೊಸದಲ್ಲ. ಇಂಥದ್ದಕ್ಕೇ ನನ್ನನ್ನು ಇಟ್ಟುಕೊಂಡಿದ್ದರು.

ಅವನು ಕಾಲೆತ್ತಿದ. ಮೊಣಕಾಲು ನೋಡಿದೆ. ಅದು ಎಡಗಂಬದ ಕಡೆ ತಿರುಗಿತ್ತು. ಆ ಕ್ಷಣಕ್ಕೆ ಸರಿಯಾಗಿ ಹಿಂದೆ ಟಕ್ ಎಂದಿತು. ಅಪ್ಪ ಹೆದರಿ ಒಂದು ಹೆಜ್ಜೆ ಸರಿದಿರಬೇಕು.

ತೊಗಲಿನ ಚೆಂಡು, ತಂಗಿಯ ಸೀಮಂತದ ಪಾತ್ರೆ. ಇಷ್ಟೇ ತಲೆಯಲ್ಲಿದ್ದದ್ದು. ಮೈ ತಾನಾಗಿಯೇ ಹೋಯಿತು. ಗೋಲ್ ಬಿಟ್ಟು, ಎಡಗಂಬದ ಆಚೆಗೆ ಹೋಗಿ, ಅಪ್ಪನಿಗೂ ಬಾಲಿಗೂ ನಡುವೆ, ಕೈಗಳನ್ನು ಮೈಗೆ ತಾಗಿಸದೆ ನೆಟ್ಟಗೆ ನಿಂತುಬಿಟ್ಟೆ.

ಕುಳ್ಳ ಎತ್ತಿದ ಕಾಲನ್ನು ಹಾಗೇ ಹಿಡಿದು ನನ್ನನ್ನು ನೋಡಿದ. ಇದರಲ್ಲೇನೋ ಮೋಸವಿದೆ ಎಂದುಕೊಂಡಿರಬೇಕು. ಆಮೇಲೆ ಖಾಲಿ ಗೋಲಿನೊಳಕ್ಕೆ ಬಾಲನ್ನು ಪಾದದ ಬದಿಯಿಂದ ಮೆಲ್ಲಗೆ ತಳ್ಳಿದ. ಅದು ಉರುಳಿಕೊಂಡು ಹೋಗಿ ಹುಲ್ಲಿನಲ್ಲಿ ನಿಂತಿತು.

ಮೈದಾನದಲ್ಲಿ ನಗು ಶುರುವಾಯಿತು. ಬೈಗುಳ ಅದರ ಹಿಂದೆಯೇ ಬಂತು. ಗೋಲ್‌ಕೀಪರ್ ಎದ್ದು ಮಣ್ಣು ಉಗುಳುತ್ತ ಬಂದ.

"ಏನ್ ಐನೋರೆ ಇದು? ಗೋಲ್ ಇರಾದು ಕಂಬದ ಒಳ್ಗೆ ಕಣ್ರೀ, ಹೊರ್ಗಲ್ಲ!"

"ಅಪ್ಪ" ಎಂದೆ.

ಅವನು ನನ್ನ ಹಿಂದೆ ನೋಡಿದ. "ನಿಮ್ಮಪ್ಪಾರಾ? ಅವ್ರಿಗೆ ಬಾಲ್ ಬಡೀತದೆ ಅಂತಾನಾ? ಕೂಗಿದ್ರೆ ಸರೀತಿದ್ರಲ್ಲ!"

"ಅವರಿಗಲ್ಲ. ಪಾತ್ರೆಗೆ."

ನನ್ನ ಮುಖವನ್ನೇ ನೋಡಿದ. ಒಳ್ಳೆಯ ಸ್ನೇಹಿತ, ಅರ್ಥ ಮಾಡಿಕೊಳ್ಳಲು ಪ್ರಯತ್ನಪಟ್ಟ. ಆಗಲಿಲ್ಲ. ತಲೆಯಾಡಿಸಿಕೊಂಡು ಹೋದ. ಆ ಮೈದಾನದಲ್ಲಿ ನಾನು ಮಾಡಿದ್ದು ಏನೆಂದು ತಿಳಿದವರು ಇನ್ನೊಬ್ಬರೇ ಇದ್ದರು. ತಿರುಗಿ ನೋಡಿದೆ. ಅವರು ಆಗಲೇ ಹೊರಟುಹೋಗಿದ್ದರು, ಗಾಡಿಯ ಗಂಟೆ ಹೊಡೆದಿತ್ತು.

ಆಟ ಸೋತು ಮುಗಿಯಿತು. ಮೈಸೂರಿನವರು ನನ್ನ ಕಡೆ ನೋಡದೆ ಚಹ ಕುಡಿಯುತ್ತಿದ್ದರು. ಇನ್ನೊಬ್ಬ ಬ್ಯಾಕ್, ಜಾರಿ ಬಿದ್ದವನು, ಅವರ ಪಕ್ಕದಲ್ಲಿ ಕೂತಿದ್ದ. ಕೊನೆಗೆ ಅವನನ್ನೇ ಆರಿಸಿಕೊಂಡರು. ನನಗೆ ಅಳು ಬರುವಂತಿತ್ತು. ಯಾರಿಗೂ ಹೇಳದೆ ಬೂಟಿನಲ್ಲೇ ಸ್ಟೇಷನ್ನಿಗೆ ನಡೆದೆ. ದೂರದಿಂದ ನೋಡಿ ಕಳಿಸಿದರಾಯಿತು ಎಂದು.

ಗಾಡಿ ಬಂದು ನಿಂತಿತ್ತು. ಇಳಿಯುವವರು, ಹತ್ತುವವರು, ಕೊಬ್ಬರಿ ಚೀಲ, ಟ್ರಂಕು, ಅಳುವ ಮಕ್ಕಳು. ಗೇಟಿನ ಕಂಬಕ್ಕೆ ಹತ್ತಿರವಾಗಿ ಅಪ್ಪ ಪಾತ್ರೆ ಅಪ್ಪಿಕೊಂಡು ನಿಂತುಬಿಟ್ಟಿದ್ದರು. ಆ ಜನದೊಳಗೆ ಕಾಲಿಡುವ ಧೈರ್ಯವಾಗಿರಲಿಲ್ಲ. ನಿಂತಲ್ಲೇ ಮುಚ್ಚಳ ಬಿಡದೆ ಸದ್ದು ಮಾಡುತ್ತಿತ್ತು. ಇಷ್ಟು ವಯಸ್ಸಾಗಿದೆ ಎಂದು ನಾನು ಅಲ್ಲಿಯವರೆಗೆ ಗಮನಿಸಿರಲಿಲ್ಲ. ನನ್ನನ್ನು ಕಂಡೊಡನೆ ರೇಗಿದರು.

"ಏನು ನೋಡ್ತಾ ನಿಂತಿದೀಯ? ನಡಿ ಮುಂದೆ."

ನಾನು ಬೂಟು ಬಿಚ್ಚಲು ಬಗ್ಗಿದೆ.

"ಇರಲಿ, ನಡಿಯೋ. ಗಾಡಿ ನಿಲ್ಲತ್ತಾ ನಿನಗೋಸ್ಕರ?"

ನಡೆದೆ. "ದಾರಿ, ದಾರಿ" ಎಂದೆ ಮೆತ್ತಗೆ. ಇಂಜಿನ್ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಿರಲಾರದು. ಮೊಣಕಾಲು ನೋಡುತ್ತ, ಬರುವವರು ಬರುವಲ್ಲಿಗೆ ಮೊದಲೇ ಹೋಗಿ ನಿಲ್ಲುತ್ತ, ಅವರು ನಿಂತಾಗ ಮುಂದಕ್ಕೆ ಸಾಗುತ್ತ. ಹಿಂದೆ ಮುಚ್ಚಳ ಹೆಜ್ಜೆಗೊಂದು ಸಲ ಟಕ್ ಎನ್ನತೊಡಗಿತ್ತು. ಕಣ್ಣಲ್ಲಿ ನೀರು ಬಂದು ಮೊಣಕಾಲುಗಳೆಲ್ಲ ಕಲಸಿಹೋದವು, ಆದರೂ ಯಾರಿಗೂ ತಗುಲಲಿಲ್ಲ. ತಿರುಗಿ ನೋಡಲಿಲ್ಲ. ಅಪ್ಪನ ಮುಖ ಆಗ ಹೇಗಿತ್ತೋ ನನಗೆ ಗೊತ್ತಿಲ್ಲ.

ಡಬ್ಬಿಯ ಬಾಗಿಲಲ್ಲಿ ಪಕ್ಕಕ್ಕೆ ಸರಿದೆ. ಅಪ್ಪ ಹತ್ತಿದರು, ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಪಾತ್ರೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಸೋತ್ರಾ?" ಎಂದರು.

"ಹೂಂ."

"ನಾನು ಅಲ್ಲಿ ನಿಲ್ಲಬಾರದಿತ್ತು."

"ಪರವಾಗಿಲ್ಲ."

ಗಾಡಿ ಜಗ್ಗಿತು. "ಮೊದಲಿಂದ ನೋಡ್ತಿದ್ದೆ" ಎಂದರು ಅಪ್ಪ, ನನ್ನನ್ನಲ್ಲ, ಪಾತ್ರೆಯನ್ನು ನೋಡುತ್ತ. "ಯಾರನ್ನೂ ಮುಟ್ಟಲಿಲ್ಲ ನೀನು."

ಗಾಡಿ ಹೋದ ಮೇಲೆ ಪ್ಲಾಟ್‌ಫಾರಂ ಖಾಲಿಯಾಯಿತು. ಅಲ್ಲೇ ಬೆಂಚಿನ ಮೇಲೆ ಕೂತು ಬೂಟು ಬಿಚ್ಚಿದೆ. ಹಿಮ್ಮಡಿ ಒಡೆದು ರಕ್ತ ಬಂದಿತ್ತು, ಯಾವಾಗ ಆಗಿತ್ತೋ.

ಅದಾದ ಮೇಲೆ ಎಲ್ಲ ಸರಿಹೋಯಿತು ಎಂದು ಯಾರಾದರೂ ತಿಳಿದರೆ ಅವರಿಗೆ ಅಪ್ಪನಂಥವರ ಪರಿಚಯವಿಲ್ಲ. ಮುಂದಿನ ಸರದಿಗೆ ಊರಿಗೆ ಹೋದೆ. ನಡುಮನೆಯಲ್ಲೇ ಎಲೆ ಹಾಕಿದರು. ರೈಲ್ವೆ ಸ್ಟೇಷನ್ನಿನ ಕಟ್ಟಳೆ ಬೇರೆ, ದೇವಸ್ಥಾನದ ಕಟ್ಟಳೆ ಬೇರೆ. ಅಪ್ಪನ ಮುಂದೆ ಆ ಗೂಳಿಯೇ ನಡೆಯಿತು. ನಾನು ಅಂಗಳದ ಕಂಬಕ್ಕೆ ಒರಗಿ, ಪ್ರವಾಸಿಗಳ ಸಾಲಿನಲ್ಲಿ ನಿಂತು ನೋಡಿದೆ. ಪಾತ್ರೆ ಹತ್ತಿರ ಬಂದಾಗ ಎಲ್ಲರಿಗಿಂತ ಮೊದಲು ನಾನೇ ದಾರಿ ಬಿಟ್ಟೆ.

ಮಂಡಿ ಹೋಗುವವರೆಗೂ ಅರಸೀಕೆರೆಗೇ ಆಡಿದೆ. ಕಂಬದ ಹೊರಗೆ ನಿಂತ ಬ್ಯಾಕ್ ಎಂದು ಕೊನೆಯವರೆಗೂ ಆಡಿಕೊಂಡರು. ಆಡಿಕೊಳ್ಳಲಿ.

ಅಪ್ಪ ಹೋದದ್ದು ಅದಾಗಿ ಕೆಲವು ವರ್ಷಕ್ಕೆ, ಬಿಸಿಲು ಕಾಲದಲ್ಲಿ. ಸುದ್ದಿ ತಿಳಿದು ಬೆಳಗಿನ ಬಸ್ಸಿಗೆ ಬಂದೆ. ಗೋಲ್‌ಕೀಪರ್ ಡ್ಯೂಟಿ ಬಿಟ್ಟು ಜೊತೆಗೆ ಬಂದ, ಬಸ್ಸಿನುದ್ದಕ್ಕೂ ಮಾತಾಡಲಿಲ್ಲ. ಒಬ್ಬನೇ ಮಗ ನಾನು. ತಲೆಯ ಮೇಲೆ ನೀರು ಸುರಿದರು, ಒದ್ದೆ ಪಂಚೆ ಉಡಿಸಿದರು, ಬೆಂಕಿಯ ಮಡಕೆಯನ್ನು ಕೈಗೆ ಕೊಟ್ಟರು. ಬೆಂಕಿ ಹಿಡಿದವನು ಚಟ್ಟದ ಮುಂದೆ ನಡೆಯಬೇಕು.

"ಮುಂದೆ ನಡಿಯಪ್ಪಾ" ಎಂದರು ಪುರೋಹಿತರು. "ಹಿಂದೆ ತಿರುಗಿ ನೋಡಬಾರದು."

"ಗೊತ್ತು" ಎಂದೆ. ಸ್ವಲ್ಪ ಗಡುಸಾಗಿಯೇ ಅಂದೆನೆಂದು ಕಾಣುತ್ತದೆ, ಅವರು ಮುಖ ನೋಡಿದರು.

ಬೀದಿ ಹಿಡಿದು ಯಗಚಿ ಹೊಳೆಯ ಕಡೆಗೆ ನಡೆದೆ. ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಜನವಿದ್ದರು, ಗಾಡಿಗಳಿದ್ದವು. ನಾನು ರೂಢಿಯಂತೆ ಮೊಣಕಾಲುಗಳನ್ನು ನೋಡಿದೆ. ಯಾವುದೂ ನಮ್ಮ ಕಡೆ ತಿರುಗಿರಲಿಲ್ಲ. ಹೆಣಕ್ಕೆ ಜನ ತಾವಾಗಿಯೇ ದಾರಿ ಬಿಡುತ್ತಾರೆ. ಬೀಡಾ ಅಂಗಡಿಯವನು ಎದ್ದು ನಿಂತು ಕೈಮುಗಿದ. ಹೊಳೆಯವರೆಗೂ ಯಾರೊಬ್ಬರೂ ಅಡ್ಡ ಬರಲಿಲ್ಲ, ನನಗೆ ತಡೆಯುವ ಕೆಲಸವೇ ಇರಲಿಲ್ಲ. ಹೆಜ್ಜೆಗೊಂದು ಸಲ ಬರಬೇಕಾದ ಸದ್ದಿಗೆ ನನ್ನ ಬೆನ್ನು ಕಾಯುತ್ತಲೇ ಇತ್ತು.